ಮುಂದಿನ ಸುಗ್ಗಿಯ ಬಳೆ

ಮರಳಿಯ ವಿರುಪಣ್ಣ ಬಡಿಗೇರನಿಗೆ ಒಂದು ಚಾಳಿ ಇತ್ತು. ಯಾರ ಮನೆಗೇ ಹೋಗಲಿ, ಅಂಗಳದಲ್ಲಿ ಟೈರಿನ ಬಂಡಿ ನಿಂತಿದ್ದರೆ ಮೊದಲು ಮಾತಾಡಿಸುವುದು ಮನೆಯವರನ್ನಲ್ಲ, ಬಂಡಿಯ ಗಾಲಿಯನ್ನು. ಕುಕ್ಕರಗಾಲಲ್ಲಿ ಕೂತು, ಗಾಲಿಯ ತಟ್ಟೆಗೆ ಬೆಸೆದ ಕೊಕ್ಕೆಯಲ್ಲಿ ಕಬ್ಬಿಣದ ಜೋಡಿ ಬಳೆ ಇದೆಯೋ ಇಲ್ಲವೋ ನೋಡುತ್ತಿದ್ದ. ಇದ್ದರೆ ಬೆರಳಿನಿಂದ ಒಮ್ಮೆ ಠಣ್ ಎನ್ನಿಸಿ, ಆಮೇಲೆ "ಆರಾಮದೀರೇನ್ರಿ" ಎನ್ನುತ್ತಿದ್ದ. ಇಲ್ಲದಿದ್ದರೆ ಕೊಟ್ಟ ನೀರನ್ನೂ ಮುಟ್ಟದೆ ಎದ್ದು ಹೋಗುತ್ತಿದ್ದ. ಬೀಗರ ಮನೆಯಲ್ಲೂ ಇದೇ ಹಾಡು. ಮಂದಿ ಅವನಿಗೆ ಬಳೆ ಬಡಿಗ ಎಂದು ಹೆಸರಿಟ್ಟರು, ತಲೆ ಕೆಟ್ಟಿದೆ ಎಂದರು. ಎದುರಿಗೆ ಮಾತ್ರ ಯಾರೂ ಅನ್ನಲಿಲ್ಲ, ಯಾಕೆಂದರೆ ಮರಳಿಯಿಂದ ಸಿದ್ದಾಪುರದವರೆಗೆ ಆ ಬಳೆಯ ಸಂಗತಿ ತಿಳಿಯದವರು ಇರಲಿಲ್ಲ. ತಿಳಿದೂ ಬೆನ್ನ ಹಿಂದೆ ನಗುವವರಿದ್ದರಲ್ಲ, ಅವರ ಬಾಯಿಗೆ ಮಣ್ಣು ಬೀಳಲಿ.

ವಿರುಪಣ್ಣನ ಅಪ್ಪ ಕಾಳಪ್ಪ ಕಟ್ಟಿಗೆ ಗಾಲಿಯ ಕಾಲದ ಬಡಿಗ. ಅವನು ಕಟ್ಟಿದ ಬಂಡಿಗೆ ಒಂದು ಗುರುತಿತ್ತು. ಅಚ್ಚಿನ ತುದಿಯಲ್ಲಿ, ಗಾಲಿಗೂ ಅದು ಕಳಚದಂತೆ ತಡೆಯುವ ಕಡಾಣಿಗೂ ನಡುವೆ, ಸಡಿಲವಾದ ಒಂದು ಕಬ್ಬಿಣದ ಬಳೆ ಹಾಕುತ್ತಿದ್ದ. ಗಾಲಿ ಉರುಳಿದಂತೆ ಬಳೆ ಕುಣಿದು ಸಪ್ಪಳ ಮಾಡುತ್ತಿತ್ತು. ಒಬ್ಬರಿಗೆ ದಪ್ಪ ಬಳೆ, ಇನ್ನೊಬ್ಬರಿಗೆ ತೆಳುವು. ಹೀಗಾಗಿ ಒಂದು ಬಂಡಿಯ ದನಿ ಇನ್ನೊಂದಕ್ಕೆ ಇರುತ್ತಿರಲಿಲ್ಲ. ಕಾಳಪ್ಪನ ಮಗಳು ದುರುಗವ್ವ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಲ್ಲಿಂದಲೇ "ಗೌಡ್ರ ಬಂಡಿ ಬಂತು", "ಇದು ಕುಂಬಾರ್ರದು, ಗಡಿಗಿ ತುಂಬ್ಯಾರ" ಎಂದು ಹೇಳಿಬಿಡುತ್ತಿದ್ದಳು. ಬಂಡಿ ಇನ್ನೂ ಓಣಿಯ ಮೂಲೆ ತಿರುಗಿರುತ್ತಿರಲಿಲ್ಲ. ತಮ್ಮ ವಿರುಪಣ್ಣ ಓಡಿ ಹೋಗಿ ನೋಡಿ ಬರುತ್ತಿದ್ದ. ಅಕ್ಕನ ಮಾತು ತಪ್ಪಿದ್ದೇ ಇಲ್ಲ.

ಆ ದುರುಗವ್ವನನ್ನು ಯಲಬುರ್ಗಿ ಕಡೆ ಕೊಟ್ಟಿದ್ದರು. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ, ಗಂಟು ಕಟ್ಟಿಕೊಂಡು ತವರಿಗೆ ಬಂದಳು. ಅಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ತೀರಿ, ಮನೆಯಲ್ಲಿ ಮೀಸೆ ಮೂಡದ ತಮ್ಮ ಒಬ್ಬನೇ ಇದ್ದ. ಅವನಿಗೆ ಬೇಯಿಸಿ ಹಾಕಿದವಳು ಅವಳು, ಹೆಣ್ಣು ನೋಡಿ ಹಂಪವ್ವನನ್ನು ತಂದು ಮದುವೆ ಮಾಡಿದವಳೂ ಅವಳು. ಹಾಗೆಂದು ತಮ್ಮನ ಮನೆಯಲ್ಲಿ ಕಾಲು ಚಾಚಿ ಕೂತು ಉಂಡವಳಲ್ಲ. ಸುಗ್ಗಿ ಬಂತೆಂದರೆ ರಸ್ತೆಯ ಭತ್ತದ ಕಾವಲಿಗೆ ಹೋಗುತ್ತಿದ್ದಳು.

ರಸ್ತೆಯ ಭತ್ತ ಎಂದರೆ ಹೊರಗಿನವರಿಗೆ ನಗು ಬಂದೀತು. ಕಾಲುವೆ ನೀರು ಬಂದ ಮೇಲೆ ಗಂಗಾವತಿ ಸೀಮೆಯಲ್ಲಿ ಭತ್ತ ಎಷ್ಟು ಬೆಳೆಯಿತೆಂದರೆ ಒಣಗಿಸಲು ಕಣ ಸಾಲದಾಯಿತು. ಜನ ಡಾಂಬರು ರಸ್ತೆಯನ್ನೇ ಕಣ ಮಾಡಿಕೊಂಡರು. ರಸ್ತೆಯ ಅರ್ಧ ಭತ್ತಕ್ಕೆ, ಅರ್ಧ ಬಂಡಿಗೆ. ಕಾವಲಿನ ಹೆಂಗಸರು ಭತ್ತದ ಅಂಚಿಗೇ ಚೀಲ ಹೊದ್ದು ಮಲಗುತ್ತಿದ್ದರು. ಬಂಡಿ ಬಂದರೆ ಅದರ ಸಪ್ಪಳಕ್ಕೆ ಕಣ್ಣು ಬಿಡದೆಯೇ ಕಾಲು ಒಳಗೆ ಎಳೆದುಕೊಂಡು, ಬಂಡಿ ದಾಟಿದ ಮೇಲೆ ಮತ್ತೆ ಚಾಚುತ್ತಿದ್ದರು. ಅದು ನಿದ್ದೆಗೇ ರೂಢಿಯಾಗಿದ್ದ ಕೆಲಸ. ಇದರಲ್ಲೊಂದು ಅಪಾಯವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಅಂಥ ಹೊತ್ತಿನಲ್ಲಿ ಟೈರಿನ ಬಂಡಿ ಬಂತು. ಗಂಗಾವತಿಯ ಅಂಚಿಗೆ ಒಂದು ತಗಡಿನ ಶೆಡ್ಡು ಹಾಕಿ ಮೂವರು ಕೂಡಿ ಇದನ್ನು ಕಟ್ಟತೊಡಗಿದರು. ಉಮರಸಾಬ ಕಮ್ಮಾರಿಕೆ ಬಿಟ್ಟು ವೆಲ್ಡಿಂಗ್ ಕಲಿತವನು, ಕಬ್ಬಿಣದ ಕೆಲಸ ಅವನದು. ಮಾರೆಪ್ಪ ಎಲ್ಲಿಂದಲೋ ಹಳೇ ಲಾರಿಯ ಅಚ್ಚು, ಟೈರು ಹೊಂದಿಸಿ ತಂದು, ಗಿರಾಕಿಗಳನ್ನೂ ಹಿಡಿದು ತರುವವನು. ಮೇಲಿನ ಕಟ್ಟಿಗೆ ಕೆಲಸ ವಿರುಪಣ್ಣನದು. ಹೊಸ ಬಂಡಿ ಹಳೆಯದರ ಎರಡರಷ್ಟು ಹೊರುತ್ತಿತ್ತು, ಕೋಣಗಳಿಗೆ ಎಳೆದದ್ದೇ ಗೊತ್ತಾಗುತ್ತಿರಲಿಲ್ಲ. ಮತ್ತೆ ಸಪ್ಪಳ ಎಂಬುದೇ ಇರಲಿಲ್ಲ. ಮಾರೆಪ್ಪ ಅದನ್ನೇ ಹೊಗಳಿ ಮಾರುತ್ತಿದ್ದ. "ಮ್ಯಾಲೆ ಕುಂತು ನಿದ್ದಿ ಮಾಡ್ರಿ, ಮನಿ ಬಂದದ್ದ ಗೊತ್ತಾಗಂಗಿಲ್ಲ" ಎನ್ನುತ್ತಿದ್ದ. ಎತ್ತಿಗಾದರೆ ಕೊರಳ ಗಂಟೆಯಾದರೂ ಇರುತ್ತದೆ. ಗದ್ದೆ ನಾಡಿನಲ್ಲಿ ಬಂಡಿ ಎಳೆಯುವುದು ಕೋಣ. ಕೋಣಕ್ಕೆ ಗಂಟೆ ಕಟ್ಟಿ ಸಿಂಗಾರ ಮಾಡುವವರು ಯಾರು?

ಎಪ್ಪತ್ತೇಳರ ಸುಗ್ಗಿಗೆ ಮುಂಚೆ ಶೆಡ್ಡಿನ ತುಂಬ ಬೇಡಿಕೆಯ ಬಂಡಿಗಳು ಸಾಲಾಗಿ ನಿಂತಿದ್ದವು. ಗಿರಾಕಿಗಳಿಗೆ ಬರೀ ಬಂಡಿ ಸಾಲದು, ತಲೆಗೊಂದು ಮಾತು. ಭತ್ತ ಸೋರದ ಹಾಗೆ ಅಡಿಗೆ ತಗಡು ಬಡಿದು ಕೊಡಿ ಎಂದರು ಒಬ್ಬರು. ಕಾಲುವೆ ಸೇತುವೆಯ ಏರಿನಲ್ಲಿ ಬಂಡಿ ಹಿಂದಕ್ಕೆ ಜಾರುತ್ತದೆ, ಬ್ರೇಕು ಬೇಕು ಎಂದರು ಇನ್ನೊಬ್ಬರು. ಮೂಟೆ ಇಳಿಸಲು ಹಿಂದೆ ಬಿಚ್ಚುವ ಹಲಗೆ ಇರಲಿ ಎಂದರು ಹಮಾಲರು. ವಯಸ್ಸಾದವರು, ಬುತ್ತಿ ಹೊತ್ತು ತಿರುಗುವ ಹೆಂಗಸರು ಮಾತ್ರ ಒಂದೇ ಮಾತು ಹಿಡಿದರು: "ಬೆನ್ನಿಗೆ ಬಂದು ನಿಂತ್ರೂ ಗೊತ್ತಾಗವಲ್ದು. ಕಾಳಪ್ಪನ ಬಂಡಿಗೆ ಬಳಿ ಇದ್ದಂಗ ಇದಕ್ಕೂ ಏನರ ಮಾಡ್ರಿ."

ಎಲ್ಲವನ್ನೂ ಮಾಡುವ ಮನಸ್ಸೇನೋ ಇತ್ತು. ಆದರೆ ಕರೆಂಟು ಬಂದಾಗಷ್ಟೇ ವೆಲ್ಡಿಂಗ್. ಅದು ಬರುವುದು ಅದರ ಮರ್ಜಿ. ಸುಗ್ಗಿಯೊಳಗೆ ಹೆಚ್ಚೆಂದರೆ ಎರಡು ಕೆಲಸ ಆದಾವು. ಯಾವ ಎರಡು? ಮೂವರ ಮಾತು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗಾಯಿತು. ಕೊನೆಗೆ ಮಾರೆಪ್ಪ ಚೌಕಾಬಾರ ಆಡುವವರ ಬುದ್ಧಿ ತೋರಿಸಿದ. ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದ. ಒಂದರಲ್ಲಿ ತಗಡಿನ ಚೂರು, ಒಂದರಲ್ಲಿ ಬ್ರೇಕಿನ ಕಟ್ಟಿಗೆ, ಒಂದರಲ್ಲಿ ಹಲಗೆಯ ಚಕ್ಕೆ, ಒಂದರಲ್ಲಿ ಬಳೆ ಇಟ್ಟ. ಶೆಡ್ಡಿಗೆ ಬಂದವರಿಗೆಲ್ಲ ಒಂದೊಂದು ಹುಣಸೆ ಬೀಜ ಕೊಟ್ಟು, "ಯಾವುದು ಮೊದಲ ಬೇಕೋ ಅದರ ಮನ್ಯಾಗ ಇಡ್ರಿ" ಎಂದ.

ವಾರ ಕಳೆಯುವುದರೊಳಗೆ ತಗಡಿನ ಮನೆ ತುಂಬಿ ತುಳುಕಿತು. ಭತ್ತ ಸೋರಿದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ? ಹಿಂದಿನ ಹಲಗೆ ಹಿಂದೆಯೇ ಉಳಿಯಿತು. ಬ್ರೇಕಿಗಿಂತ ಬಳೆಗೆ ಒಂದೇ ಒಂದು ಬೀಜ ಹೆಚ್ಚಿತ್ತು. ಇನ್ನು ಕಟ್ಟುವವರ ಬೀಜ ಇಡಬೇಕು. ಮಾರೆಪ್ಪ ಬಳೆಗೆ ಇಟ್ಟ. ಅದಕ್ಕೆ ಖರ್ಚು ಕಡಿಮೆ ಎಂದು, ಬೇರೇನೂ ಅಲ್ಲ. ಉಮರಸಾಬ ಬ್ರೇಕಿಗೆ ಇಟ್ಟ. ಹಿಂದಿನ ವರ್ಷ ಸೇತುವೆಯ ಏರಿನಿಂದ ಬಂಡಿ ಜಾರಿ, ನೊಗದ ಸಮೇತ ಎರಡು ಕೋಣ ಕಾಲುವೆಯಲ್ಲಿ ಮುಳುಗಿದ್ದನ್ನು ಅವನು ದಂಡೆಯ ಮೇಲೆ ನಿಂತು ನೋಡಿದ್ದ. ಉಳಿದದ್ದು ಎರಡು ಬೀಜ. ಒಂದು ವಿರುಪಣ್ಣನ ಕೈಯಲ್ಲಿತ್ತು.

ವಿರುಪಣ್ಣನ ಮನಸ್ಸು ಬಳೆಯ ಕಡೆಗೇ ಇತ್ತು. ಅದು ಅಪ್ಪನ ಗುರುತು. ಅದೇ ಅವನನ್ನು ತಡೆಯಿತು. ಅಪ್ಪನ ಹೆಸರು ಮೆರೆಸಲು ಮಗ ಹಳೇ ಬಳೆ ತುರುಕಿದ ಎಂದಾರು ಎಂದು ನಾಚಿದ. ಕೋಣ ಮುಳುಗಿದ ಕಾಲುವೆ ಅವನಿಗೂ ನೆನಪಿತ್ತು. ಬ್ರೇಕಿನ ಮನೆಯಲ್ಲಿ ಬೀಜ ಇಟ್ಟ. ಎರಡೂ ಮನೆ ಸಮಸಮ ಆದವು.

ಅಷ್ಟರಲ್ಲಿ ಗಂಗಾವತಿ ಸಂತೆಗೆ ಬಂದಿದ್ದ ದುರುಗವ್ವ ತಮ್ಮನಿಗೆ ಬುತ್ತಿ ಹಿಡಿದು ಶೆಡ್ಡಿಗೆ ಬಂದಳು. ಉಮರಸಾಬ ಕೊನೆಯ ಬೀಜವನ್ನು ಅವಳ ಕೈಗೆ ಹಾಕಿದ.

"ದುರುಗಕ್ಕ, ನಮ್ಮ ಮೂವರಕಿಂತ ಹೆಚ್ಚು ರಸ್ತಾದಾಗ ಇರಾಕಿ ನೀನು. ನೀನ ಹೇಳಿಬಿಡು. ಬ್ರೇಕ್ ಮೊದಲೋ, ಬಳಿ ಮೊದಲೋ?"

ದುರುಗವ್ವ ಹಲಗೆಯ ಮುಂದೆ ಕೂತಳು. ಬಳೆಯನ್ನು ಎತ್ತಿ ಬೆರಳಲ್ಲಿ ಆಡಿಸಿ, ಕಿವಿಯ ಹತ್ತಿರ ಒಮ್ಮೆ ಬಡಿದು ನಕ್ಕಳು. "ಅಪ್ಪನ ಕೈಯಾಂದ ಇದ್ದಂಗೈತಿ" ಎಂದಳು. ಬೀಜ ಹಿಡಿದ ಕೈ ಬಳೆಯ ಮನೆಯ ಮೇಲೆಯೇ ಇತ್ತು. ಆಗ ಏನನ್ನಿಸಿತೋ, ತಲೆ ಎತ್ತಿ ತಮ್ಮನನ್ನು ಕೇಳಿದಳು.

"ನೀ ಯಾವುದಕ್ಕ ಇಟ್ಟೀಯೋ?"

"ಬ್ರೇಕಿಗೆ."

"ಹಂಗಾರ ನಂದೂ ಅಲ್ಲೇ ಇರ್ಲಿ ತಗೋ. ಕೋಣ ನೀರಾಗ ಬಿದ್ರ ಎದ್ದು ಬರಂಗಿಲ್ಲ. ಸಪ್ಪಳಕ್ಕೇನ್ ಅವಸರ ಐತಿ? ಮುಂದಿನ ಸುಗ್ಗಿಗೆ ಹಾಕೀರಂತ."

ಬೀಜ ಬ್ರೇಕಿನ ಮನೆಗೆ ಬಿತ್ತು. ಮಾತು ಮುಗಿಯಿತು, ಎಲ್ಲರೂ ಕೂತು ರೊಟ್ಟಿ ತಿಂದರು. ಉಮರಸಾಬ ಒಂದು ಕೆಲಸ ಮಾಡಿದ. ಮುಂದಿನ ಸುಗ್ಗಿಗೆ ಬಳೆಯ ಕೊಕ್ಕೆ ಬೆಸೆಯುವ ಜಾಗ ಮತ್ತೆ ಅಳೆಯಬಾರದೆಂದು, ಪ್ರತಿ ಗಾಲಿಯ ತಟ್ಟೆಯ ಮೇಲೂ ಚಾಣದಿಂದ ಹೊಡೆದು ಒಂದು ಚುಕ್ಕೆ ಗುರುತು ಮಾಡಿದ.

ಆ ಸುಗ್ಗಿಯಲ್ಲಿಯೇ, ಇಬ್ಬನಿ ಕವಿದ ಒಂದು ನಸುಕಿನಲ್ಲಿ, ಸಿದ್ದಾಪುರದ ರಸ್ತೆಯಲ್ಲಿ ಗಾದಿಲಿಂಗಪ್ಪನ ಬಂಡಿ ಮಿಲ್ಲಿಗೆ ಮೂಟೆ ಹೇರಿಕೊಂಡು ಹೊರಟಿತ್ತು. ಮಾರೆಪ್ಪ ಹೇಳಿ ಮಾರಿದ್ದ ಹಾಗೆಯೇ ಗಾದಿಲಿಂಗಪ್ಪ ಮೂಟೆಗಳ ಮೇಲೆ ನಿದ್ದೆ ಹೋಗಿದ್ದ. ಕೋಣಗಳಿಗೆ ಭತ್ತದ ವಾಸನೆ ಬಡಿಯಿತು. ಮೆಲ್ಲಗೆ ಅಂಚಿಗೆ ಸರಿದು, ರಸ್ತೆಯ ಭತ್ತಕ್ಕೆ ಬಾಯಿ ಹಾಕುತ್ತ ನಡೆದವು. ಅಂಚಿನಲ್ಲಿ ಚೀಲ ಹೊದ್ದು ದುರುಗವ್ವ ಮಲಗಿದ್ದಳು. ಜಗತ್ತಿನ ಯಾವ ಬಂಡಿಯ ಸಪ್ಪಳವನ್ನಾದರೂ ಗುರುತಿಸಬಲ್ಲ ಹೆಂಗಸು ಅವಳು. ಈ ಬಂಡಿಗೆ ಸಪ್ಪಳವಿರಲಿಲ್ಲ.

ವಿರುಪಣ್ಣ ಓಡಿ ಬಂದಾಗ ಅಕ್ಕನನ್ನು ಭತ್ತದ ಪಕ್ಕಕ್ಕೆ ಎತ್ತಿ ಮಲಗಿಸಿದ್ದರು. ಜೀವ ಇರಲಿಲ್ಲ. ಬಂಡಿ ಅವಳನ್ನು ದಾಟಿ ಒಂದು ಮಾರಿನ ಅಂತರದಲ್ಲಿ ನಿಂತಿತ್ತು. ಕೂಗಿಗೆ ಎಚ್ಚೆತ್ತು ಗಾದಿಲಿಂಗಪ್ಪ ಎಳೆದ ಬ್ರೇಕು ಛಲೋ ಹಿಡಿದಿತ್ತು. ಅದನ್ನು ಕಡೆದವನು ವಿರುಪಣ್ಣನೇ. ಅವನು ಅಕ್ಕನ ಹತ್ತಿರ ಹೋಗುವ ಮೊದಲು ಗಾಲಿಯ ಹತ್ತಿರ ಹೋದ. ತಟ್ಟೆಯ ಮೇಲಿನ ಚುಕ್ಕೆ ಹುಡುಕಿ, ಅದರ ಮೇಲೆ ಹೆಬ್ಬೆರಳಿಟ್ಟು, ಅಲ್ಲೇ ಕುಸಿದು ಕೂತ. ಎಬ್ಬಿಸಲು ಬಂದವರಿಗೆ ಆ ಬೆರಳನ್ನು ಅಲ್ಲಿಂದ ತೆಗೆಸುವುದೇ ಕಷ್ಟವಾಯಿತು.

ಪಂಚರು ಕೂಡಿ ಹಣೆಬರಹ ಎಂದರು. ಯಾರ ತಪ್ಪೂ ಕಾಣದಿದ್ದಾಗ ಹಣೆಯೊಂದು ಇದ್ದೇ ಇದೆಯಲ್ಲ. ಗಾದಿಲಿಂಗಪ್ಪ ಬಂದು ವಿರುಪಣ್ಣನ ಕಾಲಿಗೆ ಬಿದ್ದು ಅತ್ತ. ವಿರುಪಣ್ಣ ಅವನನ್ನು ಬೈಯಲಿಲ್ಲ, ಬಂಡಿಯನ್ನು ಶೆಡ್ಡಿಗೆ ತರಲು ಹೇಳಿದ. ಅದಕ್ಕೆ ಮೊದಲ ಜೋಡಿ ಬಳೆ ಬಿತ್ತು. ಆಮೇಲೆ ಮಾರಿದ ಬಂಡಿಗಳನ್ನೆಲ್ಲ ಹುಡುಕಿ ತಂದು ಬಿಟ್ಟಿಯಾಗಿ ಬಳೆ ಹಾಕಬೇಕೆಂದು ಹಟ ಹಿಡಿದ. ಮಾರೆಪ್ಪ ಒಪ್ಪಲಿಲ್ಲ.

"ಕೋಟಿ ಕೊಳ್ಳಿ ಹೊಡದ ಮ್ಯಾಲೆ ದಿಡ್ಡಿ ಬಾಗಲಾ ಹಾಕಿದಂಗ ಆತು. ಈಗ ಹಾಕಿದ್ರ ಇವರಿಗೆ ಮೊದಲ ಗೊತ್ತಿತ್ತು ಅಂತಾರ ಮಂದಿ."

"ಗೊತ್ತಿತ್ತಲ್ಲೋ ಮಾರೆಪ್ಪ. ಚುಕ್ಕಿ ಹೊಡದಿದ್ವಿ."

ಮಾರೆಪ್ಪ ಪಾಲು ತೆಗೆದುಕೊಂಡು ಹೊರಬಿದ್ದ. ಉಮರಸಾಬ ಕರೆಂಟು ಬಂದಾಗಲೆಲ್ಲ ಕೊಕ್ಕೆ ಬೆಸೆದ. ಹೀಗೆ ಆ ಸೀಮೆಯ ಟೈರಿನ ಬಂಡಿಗಳೆಲ್ಲ ದನಿ ಪಡೆದವು. ಮಂದಿ ಸುಖ ಪಟ್ಟರೆಂದು ತಿಳಿಯಬೇಡಿ. ಬಂಡಿ ಹೊಡೆಯುವವರಿಗೆ ನಿದ್ದೆ ಕೆಡುತ್ತದೆಂದು ಎಷ್ಟೋ ಜನ ಬಳೆಗೆ ಅರಿವೆ ಸುತ್ತಿ ಬಾಯಿ ಮುಚ್ಚಿದರು. ಒಬ್ಬಳು ಸತ್ತ ರಸ್ತೆಯಲ್ಲೇ ಇವರಿಗೆ ನಿದ್ದೆ ಬೇಕಾಗಿತ್ತು! ವಿರುಪಣ್ಣ ರಸ್ತೆಗೆ ಅಡ್ಡ ನಿಂತು ಆ ಅರಿವೆ ಕಿತ್ತು ಎಸೆಯುತ್ತಿದ್ದ, ಬೈಸಿಕೊಳ್ಳುತ್ತಿದ್ದ. ಅಂಗಳದಲ್ಲಿ ಗಾಲಿ ನೋಡುವ ಚಾಳಿ ಹತ್ತಿದ್ದು ಆಗಲೇ.

ಇನ್ನೊಂದು ಹತ್ತಿದ್ದೂ ಆಗಲೇ. ಅದು ಹೆಂಡತಿ ಹಂಪವ್ವನಿಗೆ ಮಾತ್ರ ಗೊತ್ತು. ದಿನಾ ಕೋಳಿ ಕೂಗುವ ಹೊತ್ತಿಗೆ ವಿರುಪಣ್ಣನಿಗೆ ಬಳೆಯ ಸಪ್ಪಳ ಕೇಳಿಸುತ್ತಿತ್ತು. ತಾನು ಮಾಡಿದ ಜೋಡಿ ಬಳೆಯದಲ್ಲ, ಅಪ್ಪನ ಒಂಟಿ ಬಳೆಯದು. ದೂರದಿಂದ ಬರುತ್ತಿತ್ತು, ಓಣಿಯ ಮೂಲೆಯವರೆಗೆ ಬರುತ್ತಿತ್ತು, ತಿರುಗುತ್ತಿರಲಿಲ್ಲ. ಮೊದಮೊದಲು ಎದ್ದು ಬಾಗಿಲು ತೆಗೆದು ಓಡುತ್ತಿದ್ದ. ಓಣಿಯಲ್ಲಿ ನಾಯಿಯೂ ಇರುತ್ತಿರಲಿಲ್ಲ. ಒಮ್ಮೊಮ್ಮೆ ಮಲಗಿದಲ್ಲಿಂದಲೇ, "ಯಾರ ಬಂಡಿ ಅಕ್ಕಾ ಅದು?" ಎಂದು ಕೇಳುತ್ತಿದ್ದ. ಹಂಪವ್ವ ಎದ್ದು ಕೂತು ಅವನ ಹೊದಿಕೆ ಸರಿಮಾಡುತ್ತಿದ್ದಳು.

"ಯಾವ ಸಪ್ಪಳಾನೂ ಇಲ್ರಿ. ಮಲ್ಕೊಳ್ರಿ."

ಅವಳು ದರ್ಗಾಕ್ಕೆ ಕರೆದುಕೊಂಡು ಹೋದಳು, ದುರುಗಮ್ಮನ ಗುಡಿಯಲ್ಲಿ ತಾಯತ ಕಟ್ಟಿಸಿದಳು. ಸಪ್ಪಳ ನಿಲ್ಲಲಿಲ್ಲ. ಮನುಷ್ಯ ಎಂಥದಕ್ಕೂ ಒಗ್ಗಿಕೊಳ್ಳುವ ಪ್ರಾಣಿ ನೋಡಿ. ವರ್ಷಗಳು ಉರುಳಿದಂತೆ ವಿರುಪಣ್ಣ ಒಂದು ಕಲಿತ. ಕೇಳಿಸಿದರೂ ಏಳಬಾರದು. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಬಿದ್ದುಕೊಂಡರೆ ಅದು ಬಂದಷ್ಟು ದೂರ ಬಂದು ತಾನೇ ಅಡಗುತ್ತದೆ. ಹೀಗೆ ಬಿದ್ದುಕೊಳ್ಳುವುದನ್ನು ಚೆನ್ನಾಗಿ ರೂಢಿ ಮಾಡಿಕೊಂಡ.

ಉಮರಸಾಬನ ಮುಂದೆ ಒಮ್ಮೆ ಮಾತ್ರ ಬಾಯಿ ಬಿಟ್ಟಿದ್ದ. ಉಮರಸಾಬ ಕಣ್ಣಿಗೆ ಹಿಡಿಯುವ ಕರೀ ಗಾಜು ಕೆಳಗಿಟ್ಟು ಸಮಾಧಾನ ಹೇಳಿದ.

"ಖರೇ ಹೇಳ್ತೀನಿ ವಿರುಪಣ್ಣ. ಬ್ರೇಕ್ ಮೊದಲ ಹಾಕಿದ್ದು ತಪ್ಪಲ್ಲ. ಆವತ್ತಿಂದ ಒಂದು ಬಂಡೀನೂ ಕಾಲುವಿಗೆ ಬಿದ್ದಿಲ್ಲ. ಎಷ್ಟ್ ಜೀವ ಉಳದಾವ ವಿಚಾರ ಮಾಡು."

"ಉಳದಾರ, ಇಲ್ಲ ಅನ್ನಂಗಿಲ್ಲ. ಆದ್ರ ಉಳದವರು ಯಾರು ಅಂತ ನನಗ ಗೊತ್ತಿಲ್ಲ ಉಮರಣ್ಣ, ಅವರಿಗೂ ಗೊತ್ತಿಲ್ಲ. ಹೋದಾಕಿ ಹೆಸರು ನನಗ ಗೊತ್ತೈತಿ."

ಉಮರಸಾಬ ಕರೀ ಗಾಜು ಎತ್ತಿಕೊಂಡು ಮತ್ತೆ ಬೆಸುಗೆಗೆ ಕೂತ. ಎಂಬತ್ತರ ಈಚೆಗೆ ಟ್ರ್ಯಾಕ್ಟರುಗಳು ಬಂದು ಶೆಡ್ಡಿನ ಕೆಲಸ ಇಳಿಯಿತು. ವಿರುಪಣ್ಣ ಒಂದು ತುಂಡು ಗದ್ದೆ ಪಾಲಿಗೆ ಹಿಡಿದು ಭತ್ತ ಹಚ್ಚಿದ. ಅದನ್ನು ಒಣಗಿಸಲು ಸಿದ್ದಾಪುರದ ರಸ್ತೆಗೆ ಹಂಪವ್ವನೇ ಹೋಗುತ್ತಿದ್ದಳು. ಅಕ್ಕ ಹೋದ ಮೇಲೆ ಅವನು ಆ ರಸ್ತೆಯಲ್ಲಿ ಮಲಗಿದವನಲ್ಲ. ಎಂಬತ್ತಾರರ ಸುಗ್ಗಿಯಲ್ಲಿ ಹಂಪವ್ವನಿಗೆ ಜ್ವರ ಬಂತು. ಕಂಬಳಿ ಹೆಗಲಿಗೆ ಹಾಕಿಕೊಂಡು ವಿರುಪಣ್ಣ ತಾನೇ ಹೊರಟ. ಹಂಪವ್ವ ಮಲಗಿದಲ್ಲಿಂದಲೇ ಬೇಡ ಎಂದಳು. ಮನೆಯ ಅನ್ನ ರಸ್ತೆಯ ಮೇಲಿದ್ದಾಗ ಬೇಡ ಎಂದರೆ ನಡೆಯುತ್ತದೆಯೇ?

ಪಕ್ಕದ ಭತ್ತದ ಕಾವಲಿಗೆ ಕುಷ್ಟಗಿ ಕಡೆಯಿಂದ ಸುಗ್ಗಿಗೆ ದುಡಿಯಲು ಬಂದ ಒಬ್ಬ ಹೆಂಗಸು ಇದ್ದಳು. ಇವನ ಪರಿಚಯ ಅವಳಿಗಿಲ್ಲ. "ಇಲ್ಲೇ ಒತ್ತಿ ಮಲಗು ಯಜ್ಜಾ, ಹಂದಿ ಬಂದ್ರ ಎಬ್ಬಸ್ತೀನಿ" ಎಂದು ತನ್ನ ಚೀಲವನ್ನು ಸರಿಸಿ ಜಾಗ ಮಾಡಿಕೊಟ್ಟಳು. ವಿರುಪಣ್ಣ ಭತ್ತದ ಅಂಚಿಗೆ ಒರಗಿದ. ಅಕ್ಕ ಮಲಗುತ್ತಿದ್ದುದು ಇದಕ್ಕಿಂತ ಸ್ವಲ್ಪ ಮುಂದೆ, ಜಾಲಿಗಿಡದ ಹತ್ತಿರ. ಬಹಳ ಹೊತ್ತು ಅತ್ತ ಮುಖ ಮಾಡಿಯೇ ಇದ್ದು, ಆಮೇಲೆ ಕಣ್ಣು ಹತ್ತಿತು.

ನಸುಕಿನಲ್ಲಿ, ಎಂದಿನ ಹೊತ್ತಿಗೇ, ಸಪ್ಪಳ ಕೇಳಿಸಿತು. ನಿದ್ದೆಯ ಮಂಪರಿನಲ್ಲಿ, ಮನೆಯಲ್ಲೇ ಮಲಗಿದ್ದೇನೆ ಎಂಬಂತೆ, ಬಂತಲ್ಲ ಎಂದುಕೊಂಡ. ರೂಢಿಯಂತೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಬಿದ್ದುಕೊಂಡ. ಸಪ್ಪಳ ಹತ್ತಿರಾಯಿತು. ಇನ್ನು ಮೂಲೆಯಲ್ಲಿ ಅಡಗುತ್ತದೆ ಎಂದು ಕಾದ. ಅಡಗಲಿಲ್ಲ. ಇವತ್ತು ಮನೆಯವರೆಗೂ ಬರುವ ಹಾಗಿದೆ, ಇವತ್ತಾದರೂ ಅಕ್ಕ ಯಾರ ಬಂಡಿ ಎಂದು ಹೇಳಿಯಾಳು ಎನ್ನಿಸಿ, ಎದ್ದರೆ ಎಲ್ಲಿ ನಿಂತುಹೋಗುವುದೋ ಎಂದು ಉಸಿರು ಬಿಗಿ ಹಿಡಿದು ಮಲಗಿಯೇ ಇದ್ದ. ಮುಖದ ಮೇಲೆ ಕೋಣದ ಬಿಸಿ ಉಸಿರು ಬಿತ್ತು. ಅದೇ ಗಳಿಗೆಗೆ ಯಾರೋ ಅವನ ಎರಡೂ ಕಾಲು ಹಿಡಿದು, ಭತ್ತದ ರಾಶಿಯ ಮೇಲೆ ದರದರ ಎಳೆದರು.

ಕಣ್ಣು ಬಿಟ್ಟ. ಅವನು ಮಲಗಿದ್ದ ಕಂಬಳಿಯ ಮೇಲೆ ಟೈರಿನ ಗಾಲಿ ಹತ್ತಿ ಇಳಿಯಿತು. ಗಾಲಿಯ ತಟ್ಟೆಯ ಮೇಲೆ ಉಮರಸಾಬ ಬೆಸೆದ ಕೊಕ್ಕೆ, ಅದರಲ್ಲಿ ತನ್ನ ಕೈಯಾರೆ ಹಾಕಿದ ಜೋಡಿ ಬಳೆ ಠಣ್ ಠಣ್ ಎಂದು ಕುಣಿಯುತ್ತಿತ್ತು. ಬಂಡಿ ಹೊಡೆಯುವವನು ಮೇಲೆ ಗೊರಕೆ ಹೊಡೆಯುತ್ತಿದ್ದ. ಕುಷ್ಟಗಿಯ ಹೆಂಗಸು ಏದುಸಿರು ಬಿಡುತ್ತ, ನಿದ್ದೆಗಣ್ಣಿನಲ್ಲೇ ಇವನ ಕಾಲು ಹಿಡಿದು ಕೂತಿದ್ದಳು.

"ನಾನೇನೋ ಸಪ್ಪಳಕ್ಕ ಎದ್ದೆ. ನಿನಗ ಕೇಳಿಸಲಿಲ್ಲೇನ್ ಯಜ್ಜಾ? ಕಿವಿ ಹರಿಯೂವಂಗ ಬಡ್ಯಾಕತ್ತಿತ್ತು!"

"ಕೇಳಿಸ್ತವ್ವ," ಎಂದ ವಿರುಪಣ್ಣ. "ನನಗ ದಿನಾ ಕೇಳಿಸ್ತೈತಿ."

ಅವಳಿಗೆ ಅರ್ಥವಾಗಲಿಲ್ಲ. ಮುದುಕನಿಗೆ ಗಾಬರಿಯಾಗಿದೆ ಎಂದುಕೊಂಡು, ಕುಡಿಯಲು ನೀರು ಕೊಟ್ಟು, ಗಾಲಿ ಹರಡಿದ ಭತ್ತವನ್ನು ಕಸಬರಿಗೆಯಿಂದ ಒಳಗೆ ಗುಡಿಸತೊಡಗಿದಳು.